ದೋಣಿಯೊಳಗೆ ಹೊಯ್ದ ನೀರು

ಗಂಗೊಳ್ಳಿಯ ಹೊಳೆಬದಿಯಲ್ಲಿ ಒಬ್ಬ ದೋಣಿ ಆಚಾರಿ ಇದ್ದ. ಒಮ್ಮೆ ಶೇಷಗಿರಿ ಪ್ರಭುಗಳ ಹಳೇ ಹಾಯಿದೋಣಿ ಅವನ ಕೈಗೆ ಬಂತು. ದಡಕ್ಕೆಳೆದು, ದಿಮ್ಮಿಗಳ ಮೇಲೆ ಎತ್ತಿ ಕೂರಿಸಿದ್ದರು. ತಳದ ಅಡಿಮರಕ್ಕೆ ಹಲಗೆ ಕೂಡುವ ಸಂದು ಸೋರುತ್ತಿತ್ತು.

"ಸಂದು ಬಿಚ್ಚಿ ಹೊಸ ಹತ್ತಿ ತುಂಬಬೇಕು. ಎಂಟು ದಿನ ಬೇಕು," ಎಂದ ಆಚಾರಿ.

"ಎಂಟು ದಿನವಾ? ನಾಳೆ ಮದುವೆ ದಿಬ್ಬಣದ ನಲವತ್ತು ಜನ ಇದರಲ್ಲೇ ಹೋಗಬೇಕು! ಹೊರಗಿಂದ ನಾನೇ ಬಣ್ಣ ಬಳಿಸಿದ್ದೇನೆ, ಒಂದು ಹನಿ ಬರುವುದಿಲ್ಲ. ದಿಬ್ಬಣದವರಿಗೆ ತೋರಿಸಲು, ಸೋರುವುದಿಲ್ಲ ಅಂತ ಬರೆದುಕೊಡು. ಇಲ್ಲದಿದ್ದರೆ ಈ ದಡದಲ್ಲಿ ನಿನಗೆ ಕೆಲಸವಿಲ್ಲ," ಎಂದರು ಪ್ರಭುಗಳು.

ಆಚಾರಿ ಉಳಿ ಕೆಳಗಿಟ್ಟ.

"ಬರೀತೇನೆ ಪ್ರಭುಗಳೇ. ಆದರೆ ನಮ್ಮಲ್ಲೊಂದು ಕ್ರಮ ಉಂಟು. ನಾವು ದೋಣಿಯೊಳಗೆ ನೀರು ಹೊಯ್ಯುವುದು, ಯಜಮಾನರು ಅಡಿಯಲ್ಲಿ ಕೂತು ನೋಡುವುದು. ನಿಮ್ಮ ಬಣ್ಣದ ಮೇಲೆ ನಿಮಗೇ ನಂಬಿಕೆ ಇಲ್ಲದಿದ್ದರೆ ಬೇಡ ಬಿಡಿ."

ದಡದ ಜನರೆಲ್ಲ ನೋಡುತ್ತಿದ್ದರು. ಪ್ರಭುಗಳು ಇಸ್ತ್ರಿ ಮಾಡಿದ ಬಿಳಿ ಜುಬ್ಬಾದಲ್ಲೇ ದೋಣಿಯಡಿ ನುಸುಳಿ ಕೂತರು.

ಆಚಾರಿ ಮೊದಲ ಕೊಡ ಹೊಯ್ದ. ಏನೂ ಆಗಲಿಲ್ಲ.

"ಕಂಡೆಯಾ?" ಎಂದರು ಪ್ರಭುಗಳು.

ಹತ್ತು ಕೊಡವಾಯಿತು. ಬಣ್ಣ ಗುಳ್ಳೆಯಂತೆ ಉಬ್ಬಿತು. ಹದಿನೈದನೇ ಕೊಡಕ್ಕೆ ಅದು ಒಡೆದು, ದೋಣಿಯೊಳಗಿನ ಹಳೇ ಮೀನುನಾತವನ್ನೂ ಹೊತ್ತ ನೀರು ಪ್ರಭುಗಳ ನೆತ್ತಿಯ ಮೇಲೆ ಸುರಿಯಿತು.

"ಅಯ್ಯಯ್ಯೋ, ಸೋರ್ತದೆ ಮಾರಾಯ! ಸೋರ್ತದೆ! ನಿಲ್ಲಿಸು!" ಇಡೀ ದಡಕ್ಕೆ ಕೇಳುವಂತೆ ಕೂಗಿದರು.

ಆಚಾರಿ ಕೊಡ ಕೆಳಗಿಟ್ಟು, ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದ.

"ಇಷ್ಟೇ ಬರೆಯಲಾ ಪ್ರಭುಗಳೇ, ಇನ್ನೇನಾದರೂ ಸೇರಿಸುವುದುಂಟಾ?"