ಎರಡು ಬೀಸುವ ಕಲ್ಲು, ಒಂದು ಹಾಡು

"ಸರ್, ಎಲೆಕ್ಟ್ರಾನ್ ಎಡಗಡೆ ಇರುತ್ತೋ, ಬಲಗಡೆ ಇರುತ್ತೋ?" ಎಂದು ದಾಕ್ಷಾಯಣಿ ಕೇಳಿದಳು.

ಕೇಳುವ ಹೊತ್ತಿಗೆ ಅವಳ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ನಾಲ್ಕು ವರ್ಷದ ಸಂಶೋಧನೆ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಒಂದೇ ಎಲೆಕ್ಟ್ರಾನಿಗೆ ಜಾಗವಿರುವಂಥ ಎರಡು ಕ್ವಾಂಟಮ್ ಚುಕ್ಕೆಗಳನ್ನು ಅವಳು ಅಕ್ಕಪಕ್ಕ ಕೂರಿಸಿದ್ದಳು. ದ್ರವ ಹೀಲಿಯಂನಲ್ಲಿ ಚೆನ್ನಾಗಿ ತಣಿಸಿದರೆ ಎಲೆಕ್ಟ್ರಾನುಗಳು ಒಂದೊಂದಾಗಿ ಎಡದಿಂದ ಬಲಕ್ಕೆ ದಾಟುತ್ತಿದ್ದವು, ವಿದ್ಯುತ್ತು ಸಲೀಸಾಗಿ ಹರಿಯುತ್ತಿತ್ತು. ದಾಟುವಾಗ ಎಲೆಕ್ಟ್ರಾನ್ ಯಾವ ಚುಕ್ಕೆಯಲ್ಲಿದೆ ಎಂದು ನೋಡಲು ಪಕ್ಕದಲ್ಲೊಂದು ಸಂವೇದಕ ಇಟ್ಟಳು. ಎಲೆಕ್ಟ್ರಾನ್ ಎಲ್ಲಿದೆಯೆಂದು ಕಂಡಿತು, ಆದರೆ ಹರಿವು ಬತ್ತಿತು. ಸಂವೇದಕ ಆರಿಸಿದರೆ ಹರಿವು ಮರಳಿತು, ಉತ್ತರ ಹೋಯಿತು. ತನ್ನ ಕೈಕೆಲಸದಲ್ಲೇ ಏನೋ ಎಡವಟ್ಟಾಗಿದೆಯೆಂದು ಅವಳು ಮೂರು ಸಲ ಎಲ್ಲವನ್ನೂ ಬಿಚ್ಚಿ ಕಟ್ಟಿದ್ದಳು.

ಗುರುಗಳಾದ ಶಿವರುದ್ರಯ್ಯನವರು ಕತೆ ಶುರು ಮಾಡಿದರು. ಅವಳಿಗೆ ಸಿಟ್ಟು ಬಂತು. ಆದರೂ ಕೂತು ಕೇಳಿದಳು.

ಒಬ್ಬ ವರ್ತಕ ಮಗಳ ಮದುವೆಯ ಊಟಕ್ಕೆ ಹಿಟ್ಟು ಬೀಸಲು ಇಬ್ಬರು ಹೆಂಗಸರಿಗೆ ಕಾಳು ಕೊಟ್ಟ. ಅವರದು ಒಂದೇ ಗೋಡೆ ಹಂಚಿಕೊಂಡ ಎರಡು ಮನೆ. ಬೆಳಗಿನ ಜಾವ, ಬೀದಿ ತಣ್ಣಗಿರುವಾಗ, ಇಬ್ಬರೂ ಹಾಡುತ್ತಾ ಬೀಸಲು ಕೂರುತ್ತಿದ್ದರು. ಒಬ್ಬಳ ಉಸಿರು ಮುಗಿಯುವಲ್ಲಿ ಇನ್ನೊಬ್ಬಳು ಗೋಡೆಯಾಚೆಯಿಂದ ಪದ ಹಿಡಿಯುತ್ತಿದ್ದಳು. ಕಲ್ಲುಗಳು ಆ ಪದದ ಮೇಲೆಯೇ ತಿರುಗುತ್ತಿದ್ದವು. ಗಾಡಿಗಳ ಗದ್ದಲ ಶುರುವಾದರೆ ಆಚೆಯ ದನಿ ಕೇಳುತ್ತಿರಲಿಲ್ಲ, ಹಾಡೂ ನಿಲ್ಲುತ್ತಿತ್ತು, ಕಲ್ಲೂ ನಿಲ್ಲುತ್ತಿತ್ತು.

ಹಾಡು ವರ್ತಕನಿಗೆ ಬಹಳ ಹಿಡಿಸಿತು. ಹಾಡಿದವಳಿಗೆ ಮದುವೆ ಚಪ್ಪರದಲ್ಲಿ ಸೀರೆ ಕೊಡಬೇಕೆಂದುಕೊಂಡು, ಹಾಡು ಯಾರದೆಂದು ವಿಚಾರಿಸಿದ.

"ಅವಳು ಎತ್ತಿಕೊಡ್ತಾಳೆ ಸ್ವಾಮಿ, ನಾನು ಸೇರ್ಕೋತೀನಿ" ಎಂದಳು ಒಬ್ಬಳು. ಇನ್ನೊಬ್ಬಳೂ ಗೋಡೆಯ ಕಡೆ ಕೈ ತೋರಿಸಿ ಅದನ್ನೇ ಹೇಳಿದಳು.

ಇಬ್ಬರಲ್ಲಿ ಒಬ್ಬಳು ಸುಳ್ಳಿಯೆಂದು ವರ್ತಕ ತೀರ್ಮಾನಿಸಿದ. ಮರುದಿನ ಜಾವದಲ್ಲೇ ಮೊದಲನೆಯವಳ ಕಲ್ಲಿನ ಮುಂದೆ ಬಂದು ಕೂತ. ಅವಳು ಸಂಕೋಚಪಟ್ಟು ಒಂದು ಸಾಲು ಹೇಳಿ ಬಾಯಿ ಮುಚ್ಚಿಕೊಂಡಳು. ಆಚೆಯವಳು ಕಾದಳು, ಪದ ಬರಲಿಲ್ಲ, ಅವಳ ಕೈಯೂ ನಿಂತಿತು. ಅದರ ಮರುದಿನ ಇನ್ನೊಂದು ಮನೆಯಲ್ಲಿ ಕೂತ. ಅಲ್ಲಿಯೂ ಅದೇ ಕತೆ. ಹೀಗೆ ದಿನಾ ಕೂತು ಕೂತು ಮದುವೆಯ ದಿನವೇ ಬಂತು. ಅರ್ಧ ಕಾಳು ಇನ್ನೂ ಮೂಟೆಯಲ್ಲೇ ಇತ್ತು, ಅಡುಗೆ ಸಾಲಲಿಲ್ಲ. ಬೀಗರು ಅರ್ಧ ಊಟದಲ್ಲಿ ಎದ್ದು ಹೋದರು. ಮಗಳು ಅತ್ತಳು. ವರ್ತಕ ಮಾತ್ರ ಆ ಸುಳ್ಳಿಯನ್ನು ಬಯ್ಯುವುದು ಬಿಡಲಿಲ್ಲ.

ದಾಕ್ಷಾಯಣಿಗೆ ಅರ್ಧ ತಿಳಿದಂತಾಯಿತು, ಇನ್ನರ್ಧ ಮತ್ತಷ್ಟು ಗೋಜಲಾಯಿತು. ಅಂತೂ ಬಿಡಲಾರದೆ ಕೇಳಿದಳು: "ಹಾಗಾದರೆ ಸುಳ್ಳು ಹೇಳಿದ್ದು ಯಾರು ಸರ್?"

ಗುರುಗಳು, ಎಡವೋ ಬಲವೋ ಎಂದು ಕೇಳುತ್ತಿದ್ದ ಅವಳ ಪ್ರಬಂಧದ ಕರಡನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದರು.

"ಇಬ್ಬರೂ ನಿಜವನ್ನೇ ಹೇಳಿದರು ತಾಯಿ, ಸುಳ್ಳಿದ್ದದ್ದು ಅವನು ಕೇಳಿದ ಪ್ರಶ್ನೆಯಲ್ಲಿ."