ಅರ್ಧ ಕ್ಷೌರ

“ಮೆತ್ತಗೆ ಹೇಳಿದ ಮಾತೂ ಯಾಕೆ ನೋಯಿಸುತ್ತದೆ, ಬುದ್ಧಿ?” ಎಂದು ಶಿಷ್ಯ ಚಿಕ್ಕೀರಯ್ಯ ಗುರುಗಳನ್ನು ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ, “ಯಾರಿಗೆ ಏನು ಹೇಳಿದೆ?” ಎಂದರು.

“ಮುದ್ದಯ್ಯನಿಗೆ. ತಾವೇ ಹೇಳು ಅಂದಿದ್ದಿರಿ. ಬೆಳಗಿನ ಭಜನೆಯಲ್ಲಿ ಅವನು ಶುರುವಿಗೇ ಎತ್ತರದ ಶ್ರುತಿ ಹಿಡಿಯುತ್ತಾನೆ, ಉಳಿದವರ ಗಂಟಲು ಅಲ್ಲಿಗೆ ಏರುವುದಿಲ್ಲ, ಸ್ವಲ್ಪ ಇಳಿಸಿ ಹಾಡಲಿ ಅಂತ. ಅವನು ನನ್ನ ಗೆಳೆಯ. ಬೇಸರವಾದೀತೆಂದು ಸುತ್ತಿ ಬಳಸಿ ಹೇಳಿದೆ. ಮೊದಲು ಚಳಿಯ ಮಾತು ತೆಗೆದೆ. ಆಮೇಲೆ ಗಂಟಲಿಗೂ ವಿಶ್ರಾಂತಿ ಬೇಕು ಅಂದೆ. ಮರುದಿನ, ಹೂದೋಟದ ಕೆಲಸವೂ ಪೂಜೆಯೇ ಅಲ್ಲವೇ ಅಂದೆ. ಈಗ ಅವನು, ತನ್ನ ಹಾಡು ಇಡೀ ಮಠಕ್ಕೇ ಬೇಡವಾಗಿದೆ ಎಂದುಕೊಂಡು ಬಟ್ಟೆ ಗಂಟು ಕಟ್ಟುತ್ತಿದ್ದಾನೆ. ಬೇರೆ ಮಠಕ್ಕೆ ಹೋಗುತ್ತಾನಂತೆ. ನನ್ನ ಮುಖವನ್ನೂ ನೋಡುತ್ತಿಲ್ಲ.”

“ಭಲೇ! ಒಂದು ಶ್ರುತಿ ಇಳಿಸು ಅಂದರೆ ಆಳನ್ನೇ ಮಠದಿಂದ ಇಳಿಸಿದೆ. ಕೂತುಕೋ. ಕೈ ಖಾಲಿ ಇಟ್ಟುಕೊಳ್ಳಬೇಡ, ಈ ಅವರೆ ಸುಲಿ. ಒಂದು ಕತೆ ಹೇಳುತ್ತೇನೆ” ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಉಳಿಯ ಹರಿತದ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಮೊಂಡು ಉಳಿ ಕಣ್ಣಿಗೆ ಬಿದ್ದರೆ ಆ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಮೊಂಡು ಉಳಿ ಮರವನ್ನೂ ಕೆಡಿಸುತ್ತದೆ, ಜಾರಿ ಕೈಯನ್ನೂ ಸೀಳುತ್ತದೆ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಇದನ್ನು ನೆನಪಿಡು. ಅವನು ಮರೆತ, ನೀನಾದರೂ ನೆನಪಿಡು.

ಅವನ ಅಪ್ಪನೂ ಬಡಗಿಯೇ. ಮುದುಕನಿಗೆ ಒಂದೇ ಶೋಕಿ, ತನ್ನ ಗಡ್ಡವನ್ನು ತಾನೇ ಹೆರೆದುಕೊಳ್ಳುವುದು. ಮಡಚುವ ಕತ್ತಿ, ಅದನ್ನು ತೀಡಲು ಒಂದು ಚರ್ಮದ ಪಟ್ಟಿ, ಒಂದು ಬಟ್ಟಲು ಬಿಸಿನೀರು. ಮುಗಿಸಿ ಎದ್ದನೆಂದರೆ ಗಲ್ಲ ಸವರಿಕೊಂಡು ಬೀದಿಯಲ್ಲಿ ಒಂದು ಸುತ್ತು ಬರುತ್ತಿದ್ದ. ವಯಸ್ಸಾಯಿತು, ಕೈ ನಡುಗತೊಡಗಿತು. ಕತ್ತಿಯನ್ನು ಮಡಚಿ ಗೂಡಿನಲ್ಲಿಟ್ಟ. ಆಮೇಲೆ ಊರಿನ ಕ್ಷೌರಿಕನೇ ಬಂದು ಮಾಡಿ ಹೋಗುತ್ತಿದ್ದ.

ಹೀಗಿರುವಾಗ ಬಡಗಿಯ ಮಗಳಿಗೆ ಗಂಡು ಗೊತ್ತಾಯಿತು. ಮಧ್ಯಾಹ್ನ ಬೀಗರು ಬರುತ್ತಾರೆ, ಮನೆಯ ಹಿರಿಯ ತಾಂಬೂಲ ಕೊಟ್ಟು ಮಾತು ಗಟ್ಟಿ ಮಾಡಬೇಕು. ಕ್ಷೌರಿಕ ನೋಡಿದರೆ ಮಾವನ ಮನೆಗೆ ಹೋಗಿ ಕೂತಿದ್ದಾನೆ. ಮುದುಕ ಹಟ ಹಿಡಿದ. ಈ ಕುರುಚಲು ಗಡ್ಡದಲ್ಲಿ ಬೀಗರ ಮುಂದೆ ಕೂರುವುದಿಲ್ಲ, ತಾಂಬೂಲ ನೀವೇ ಕೊಟ್ಟುಕೊಳ್ಳಿ ಎಂದುಬಿಟ್ಟ. ಅಜ್ಜನಿಲ್ಲದೆ ತನಗೆ ಯಾವ ತಾಂಬೂಲವೂ ಬೇಡವೆಂದು ಮೊಮ್ಮಗಳು ಅಳುತ್ತಾ ಕೂತಳು. ಬಡಗಿ ಬೇರೆ ದಾರಿ ಕಾಣದೆ ಗೂಡಿನಿಂದ ಕತ್ತಿ ಇಳಿಸಿದ.

ಹುಟ್ಟಿದಾಗಿನಿಂದ ಅವನು ಕ್ಷೌರದ ಕತ್ತಿ ಹಿಡಿದವನಲ್ಲ. ಬಿಚ್ಚಿ ನೋಡಿದ, ಅಲಗು ಫಳಫಳ ಎಂದಿತು. ಅಪ್ಪನ ಗಲ್ಲ ನೋಡಿದ, ಬರೀ ಸುಕ್ಕು. ಮೆಲ್ಲಗೆ ಹಿತ್ತಲಿಗೆ ಹೋಗಿ ಅಲಗನ್ನು ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿ ಉಜ್ಜಿ ಮೊಂಡು ಮಾಡಿದ. ಕಲಿಯುವವನ ಕೈಯಲ್ಲಿ ಹರಿತ ಕಡಿಮೆ ಇದ್ದರೆ ಅಪ್ಪನಿಗೆ ಗಾಯವಾಗುವುದಿಲ್ಲ ಎಂದುಕೊಂಡ. ನಗಬೇಡ, ಪ್ರೀತಿಯಿಂದಲೇ ಮಾಡಿದ.

ಬಿಸಿನೀರು ಹಚ್ಚಿದ, ಸೋಪಿನ ನೊರೆ ಬಳಿದ, ಕತ್ತಿ ಎಳೆದ. ಕೂದಲು ತುಂಡಾಗಲಿಲ್ಲ, ಕಿತ್ತುಬಂತು. ಮುದುಕನ ಕಣ್ಣಲ್ಲಿ ನೀರು ಬಂತು. ಕತ್ತಿ ಸಾಗುತ್ತಿಲ್ಲವೆಂದು ಮಗ ಒತ್ತಿದ. ಒತ್ತಿದಷ್ಟೂ ಅದು ಚರ್ಮ ಹಿಡಿದು ಜಗ್ಗಿತು. ಎಳೆದ ಜಾಗದಲ್ಲೇ ಮತ್ತೆ ಎಳೆದ. ಹಾಗೂ ಹೀಗೂ ಒಂದು ಗಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಕತ್ತಿ ಜಾರಿ ರಕ್ತ ಬಂತು. ಬಡಗಿ ಕತ್ತಿಯನ್ನು ಅಲ್ಲೇ ಬಿಟ್ಟು ಓಡಿಹೋಗಿ, ಮರ ಇಡುವ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಮುದುಕ ಒಂದು ಕಡೆ ಗಾಯ, ಇನ್ನೊಂದು ಕಡೆ ಒಣಗುತ್ತಿರುವ ನೊರೆ ಹೊತ್ತು ಮಣೆಯ ಮೇಲೆ ಉಳಿದ. ಬೀಗರು ಬರುವ ಹೊತ್ತು ಹತ್ತಿರವಾಗುತ್ತಿತ್ತು.

ಮುದುಕ ಕತ್ತಿಯ ಅಲಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದ. ಎದ್ದು ಹೋಗಿ ಕೋಣೆಯ ಬಾಗಿಲು ಬಡಿದ.

“ಲೋ, ಈ ಕತ್ತಿಗೆ ಏನು ಮಾಡಿದೆ?”

“ನಿನಗೆ ನೋವಾಗಬಾರದು ಅಂತ ಮೊಂಡು ಮಾಡಿದೆ, ಅಪ್ಪಾ.”

“ಇಂಥ ಉಳಿ ಹಿಡಿದು ಒಂದು ಬಾಗಿಲು ಮಾಡುತ್ತೀಯಾ?”

“ಇಲ್ಲ.”

“ಬೇವಿನ ಹಲಗೆಗೆ ಕೊಡುವ ಮರ್ಯಾದೆಯನ್ನು ನಿನ್ನಪ್ಪನ ಮುಖಕ್ಕೂ ಕೊಡು. ಗಾಯ ನಾಲ್ಕು ದಿನದಲ್ಲಿ ಮಾಯುತ್ತದೆ. ನೀನು ಒಳಗೆ ಕೂತು ಅಳುತ್ತಿದ್ದರೆ, ಅರ್ಧ ಮುಖ ಹೊತ್ತು ನಾನು ಎಲ್ಲಿಗೆ ಹೋಗಲಿ?”

ಬಡಗಿ ಹೊರಗೆ ಬಂದ. ಕತ್ತಿಯನ್ನು ಸಾಣೆಕಲ್ಲಿಗೆ ಹಿಡಿದ. ಅದು ಅವನಿಗೆ ಗೊತ್ತಿದ್ದ ವಿದ್ಯೆಯೇ. ಆಮೇಲೆ ಚರ್ಮದ ಪಟ್ಟಿಯ ಮೇಲೆ ತೀಡಿದ. ಮುದುಕ ಮಣೆಯ ಮೇಲೆ ಕೂತೇ ಹೇಳಿಕೊಟ್ಟ. ಎಡಗೈಯಿಂದ ಚರ್ಮ ಬಿಗಿಯಾಗಿ ಹಿಡಿ. ಕತ್ತಿಯನ್ನು ನೆಟ್ಟಗೆ ನಿಲ್ಲಿಸಬೇಡ, ಮಲಗಿಸಿ ಎಳೆ. ಒತ್ತಬೇಡ, ಅದರ ಭಾರವೇ ಸಾಕು. ಹೆದರಿಕೆಯಾದರೆ ಕೈ ತೆಗೆ, ಉಸಿರು ಬಿಡು, ಮತ್ತೆ ಹಿಡಿ. ಇನ್ನೊಂದು ಗಲ್ಲದ ಮೇಲೆ ಕತ್ತಿ ಸರಾಗವಾಗಿ ಹೋಯಿತು. “ಶುರು ಮಾಡಿದೆಯೋ ಇಲ್ಲವೋ?” ಎಂದು ಮುದುಕ ಕೇಳುವಷ್ಟರಲ್ಲಿ ಕೆಲಸ ಮುಗಿದಿತ್ತು.

ಬೀಗರು ಬಂದರು. ಮುದುಕ ಗಾಯಕ್ಕೆ ಪಟಿಕ ಉಜ್ಜಿಕೊಂಡು, ರುಮಾಲು ಸುತ್ತಿಕೊಂಡು ತಾಂಬೂಲ ಕೊಟ್ಟ. ಬೀಗರಲ್ಲೊಬ್ಬರು, ಗಲ್ಲಕ್ಕೇನಾಯಿತು ಯಜಮಾನರೇ ಎಂದು ಕೇಳಿದರು. ನನ್ನ ಮಗನಿಗೆ ನನ್ನ ಮೇಲೆ ಬಹಳ ಪ್ರೀತಿ ಎಂದ ಮುದುಕ. ಮೊಮ್ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು.

ಚಿಕ್ಕೀರಯ್ಯ ಬಿದ್ದು ಬಿದ್ದು ನಕ್ಕ. ಮಡಿಲಲ್ಲಿದ್ದ ಅವರೆಕಾಯಿಯೆಲ್ಲ ಚೆಲ್ಲಿತು. “ತನ್ನ ಕಸುಬಿನ ಮಾತನ್ನೇ ಮರೆತನಲ್ಲ, ಆ ಪುಣ್ಯಾತ್ಮ!” ಎಂದು ಕಣ್ಣು ಒರೆಸಿಕೊಂಡ. “ಆಮೇಲೆ ಮದುವೆ ಚೆನ್ನಾಗಿ ನಡೆಯಿತೇ, ಬುದ್ಧಿ?”

ಗುರುಗಳು ಚೆಲ್ಲಿದ ಅವರೆಕಾಯಿಯನ್ನು ತಮ್ಮ ಮೊರಕ್ಕೆ ಬಳಿದುಕೊಂಡರು.

“ಮದುವೆ ಹಾಗಿರಲಿ, ಅಲ್ಲಿ ಮುದ್ದಯ್ಯ ಅರ್ಧ ಮುಖ ಹೊತ್ತು ಕೂತಿದ್ದಾನೆ.”

ಚಿಕ್ಕೀರಯ್ಯ ಎದ್ದು ಮುದ್ದಯ್ಯನಿದ್ದ ಕಡೆಗೆ ನಡೆದ.