ಕಡಲೆಕಾಯಿಗೆ ಅಂಗೈ ಚಾಚಿದ ಕೋಬು

ದೂರದ ಆಫ್ರಿಕಾದ ಒಂದು ದಟ್ಟ ಕಾಡಿನ ಪಕ್ಕ, ಹೊಳೆಯ ಈಚೆ ದಡದಲ್ಲಿ, ಬೇಲಿ ಹಾಕಿದ ತೋಪೊಂದಿತ್ತು. ಬೇಟೆಗಾರರು ತಾಯಿಯನ್ನು ಕೊಂದು ಮಾರಲೆಂದು ಹೊತ್ತೊಯ್ದಿದ್ದ ಚಿಂಪಾಂಜಿ ಮರಿಗಳನ್ನು ಕಾಡಿನ ಕಾವಲಿನವರು ಬಿಡಿಸಿ ತಂದು ಅಲ್ಲಿ ಸಾಕುತ್ತಿದ್ದರು. ಬೆಳೆದ ಮೇಲೆ ಅವನ್ನು ಕಾಡಿಗೇ ಬಿಡಬೇಕು. ಆದರೆ ಅಮ್ಮನಿಲ್ಲದ ಮಕ್ಕಳಿಗೆ ಕಾಡಿನಲ್ಲಿ ಬದುಕುವುದನ್ನು ಕಲಿಸುವವರು ಯಾರು ಹೇಳಿ ಮಕ್ಕಳೇ?

ಅದಕ್ಕೊಬ್ಬ ಮೇಷ್ಟ್ರಿದ್ದರು. ಡೋಲು ಮೇಷ್ಟ್ರು ಎಂಬ ಮುದಿ ಚಿಂಪಾಂಜಿ. ಅರ್ಧ ಆಯುಸ್ಸನ್ನು ಸರ್ಕಸ್ಸಿನಲ್ಲಿ ಸೈಕಲ್ ಹೊಡೆದು ಸವೆಸಿದವರು. ಒಂದು ಸುತ್ತು ಹೊಡೆದರೆ ಒಂದು ಕಡಲೆಕಾಯಿ; ಅವರು ಕಂಡ ವಿದ್ಯಾಭ್ಯಾಸ ಅಷ್ಟೇ. ಇಲ್ಲೂ ಅದೇ ಪದ್ಧತಿ ತಂದರು.

ಕಾಡಿನ ಚಿಂಪಾಂಜಿಗಳು ಸಂಜೆಯಾದರೆ ಮರದ ಮೇಲೆ ಕೊಂಬೆ ಬಗ್ಗಿಸಿ, ಎಲೆ ಹಾಸಿ, ಗೂಡು ಮಾಡಿಕೊಂಡು ಮಲಗುತ್ತವೆ. ಕೆಳಗೆ ಚಿರತೆ ಓಡಾಡುತ್ತದಲ್ಲ! ಅಮ್ಮ ಹೀಗೆ ಮಾಡುತ್ತಿದ್ದುದು ಮೇಷ್ಟ್ರಿಗೆ ಎಳೆತನದ ನೆನಪು. ಈಗ ಅವರಿಗೆ ಮಂಡಿನೋವು, ಮರ ಹತ್ತುವ ಮಾತೇ ಇಲ್ಲ. ಬುಡದಲ್ಲಿ ನಿಂತು ಪಾಠ. ಗೂಡು ಕಟ್ಟಿ, ಇಳಿದು ಬಂದು, ಅಂಗೈ ಚಾಚಿದವರಿಗೆ ಕಡಲೆಕಾಯಿ. ಆಮೇಲೆ ಗುರುಶಿಷ್ಯರೆಲ್ಲ ಶೆಡ್ಡಿಗೆ ಹೋಗಿ ಗೋಣಿಚೀಲದ ಮೇಲೆ ಬೆಚ್ಚಗೆ ಗೊರಕೆ ಹೊಡೆಯುವುದು.

ಈ ಶಾಲೆಯಲ್ಲಿ ಕೋಬು ಎಂಬವನೇ ಮೊದಲಿಗ. ಅವನ ಗೂಡು ಹೂಬುಟ್ಟಿಯ ಹಾಗಿರುತ್ತಿತ್ತು. ಇಳಿಯುವಾಗ ಅವನ ಜಂಬ ನೋಡಬೇಕಿತ್ತು. ಕಡಲೆಕಾಯಿ ತಿಂದು ತಿಂದು ಹೊಟ್ಟೆಯೂ ದುಂಡಗಾಗಿತ್ತು.

ಸಿಂಬಿ ಎಂಬ ಹುಡುಗಿ ಮಾತ್ರ ಶತದಡ್ಡಿ. ಅವಳ ಗೂಡು ಅಂಕುಡೊಂಕು. ಗಟ್ಟಿಯಿದೆಯೇ ಎಂದು ನೋಡಲು ಒಳಗೆ ಉರುಳುವಳು, ಅಲ್ಲೇ ಕಣ್ಣು ಹತ್ತಿಬಿಡುವುದು. ಇಳಿಯುವುದೂ ಇಲ್ಲ, ಕಡಲೆಕಾಯಿಯೂ ಇಲ್ಲ. ಇವಳು ಉದ್ಧಾರವಾಗುವವಳಲ್ಲ ಎಂದು ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು.

ಕೋಬು ಗೇಲಿ ಮಾಡುತ್ತಿದ್ದ. "ಕಟ್ಟಿದ ಮೇಲೆ ಅಲ್ಲೇ ಬಿದ್ದುಕೊಂಡರೆ, ಕಡಲೆಕಾಯಿ ನಿಮ್ಮಜ್ಜಿ ತಂದುಕೊಡ್ತಾಳಾ?"

ಕಾಡಿಗೆ ಬಿಡುವ ದಿನ ಬಂತು. ಕೋಬುವನ್ನೂ ಸಿಂಬಿಯನ್ನೂ ದೋಣಿಯಲ್ಲಿ ಹೊಳೆ ದಾಟಿಸಿ ಬಿಟ್ಟರು. ನನ್ನ ಹೆಸರು ಉಳಿಸು ಎಂದು ಮೇಷ್ಟ್ರು ಕೋಬುವಿನ ಬೆನ್ನು ತಟ್ಟಿ ಕಳಿಸಿದ್ದರು. ಸಿಂಬಿಗೆ ಏನೂ ಹೇಳಿರಲಿಲ್ಲ.

ಸಂಜೆಯಾಯಿತು. ಕೋಬು ಎತ್ತರದ ಮರ ಹತ್ತಿ, ಜನ್ಮದಲ್ಲೇ ಕಟ್ಟಿರದಂಥ ಚೆಂದದ ಗೂಡು ಕಟ್ಟಿದ. ಕಟ್ಟಿದವನೇ ಸರಸರ ಇಳಿದು, ಬುಡದಲ್ಲಿ ಕೂತು, ಅಂಗೈ ಚಾಚಿದ.

ಪಕ್ಕದ ಮರದ ಸೊಟ್ಟ ಗೂಡಿನಿಂದ ಸಿಂಬಿ ಇಣುಕಿದಳು. "ಕೋಬು, ಮೇಷ್ಟ್ರು ಹೊಳೆಯಾಚೆ ಉಳಿದರು ಕಣೋ. ಕತ್ತಲಾಗ್ತಿದೆ, ಮೇಲೆ ಬಾರೋ."

"ನಿನಗೆ ನೆಟ್ಟಗೆ ಕಟ್ಟೋಕೆ ಬಂದಿದ್ದರೆ ನೀನೂ ಇಳಿದು ಬರ್ತಿದ್ದೆ," ಎಂದ ಕೋಬು. "ಯಾರಾದರೂ ಬಂದೇ ಬರ್ತಾರೆ, ನೋಡ್ತಿರು."

ಬಂದರು. ಮೈತುಂಬ ಚುಕ್ಕಿ, ಮೆತ್ತನೆಯ ನಡಿಗೆ. ಹುಟ್ಟಿದಾಗಿನಿಂದ ಚಿರತೆಯನ್ನೇ ಕಾಣದ ನಮ್ಮ ಜಾಣ, ಯಾರೋ ದೊಡ್ಡ ಸಾಹೇಬರೇ ತಪಾಸಣೆಗೆ ಬಂದರೆಂದು ತಿಳಿದ. ಸಿಂಬಿ ಮೇಲಿನಿಂದ ಕಿರುಚಿದ್ದು, ಕಡ್ಡಿ ಮುರಿದು ಎಸೆದದ್ದು ಅವನಿಗೆ ಹೊಟ್ಟೆಕಿಚ್ಚಿನಂತೆ ಕಂಡಿತು. ಅಂಗೈ ಇನ್ನಷ್ಟು ಮುಂದೆ ಚಾಚಿದ.

"ಸ್ವಾಮಿ, ನನ್ನ ಗೂಡು ನೋಡಿದಿರಾ?"

ಚಿರತೆ ಕತ್ತೆತ್ತಿ ನಿಧಾನವಾಗಿ ನೋಡಿತು. "ನೋಡಿದೆನಪ್ಪ. ಇಂಥ ಗೂಡು ಈ ಕಾಡಿನಲ್ಲೇ ಇಲ್ಲ. ನೀನು ಅದರಲ್ಲಿ ಮಲಗಿಬಿಟ್ಟಿದ್ದರೆ ಇವತ್ತು ನನಗೆ ಉಪವಾಸವೇ ಗತಿಯಾಗುತ್ತಿತ್ತು."

ಮುಂದಿನದನ್ನು ನಾನು ಹೇಳುವುದಿಲ್ಲ. ಬೆಳಗಾದಾಗ ಸಿಂಬಿ ತನ್ನ ಗೂಡಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕೋಬುವಿನ ಗೂಡಿನಲ್ಲಿ ಒಂದು ಎಲೆಯೂ ಮುದುಡಿರಲಿಲ್ಲ.

ಹೊಳೆಯ ಈಚೆ ತೋಪಿನಲ್ಲಿ ಡೋಲು ಮೇಷ್ಟ್ರು ಹೊಸ ಮರಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಕಲಿತರೆ ನಮ್ಮ ಕೋಬುವಿನ ಹಾಗೆ ಕಲಿಯಬೇಕು ಎನ್ನುತ್ತ, ಚಾಚಿದ ಅಂಗೈಗಳಿಗೆಲ್ಲ ಕಡಲೆಕಾಯಿ ಹಂಚುತ್ತಿದ್ದರು.

ನೀತಿ: ಬಹುಮಾನಕ್ಕಾಗಿಯೇ ಕಲಿತ ವಿದ್ಯೆ ಬದುಕಿಗೆ ಒದಗುವುದಿಲ್ಲ.